ಸರ್ವರಜ್ಜನ ಮುಚ್ಚಿದ ಬಾಗಿಲು

ಊರ ಗ್ರಂಥಾಲಯದ ಹಳೇ ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದು ಬ್ರೌಸರ್ ಇತ್ತು. ಕೇಳಿದ ಪುಟವನ್ನು ಅದು ಹುಡುಕಿ ತರುವಷ್ಟರಲ್ಲಿ ಓದುಗರು ಆಕಳಿಸುತ್ತಿದ್ದರು. "ಇದಕ್ಕೆ ವಯಸ್ಸಾಯಿತು, ನಾಳೆ ಗುಜರಿಗೆ ಹಾಕಿಬಿಡೋಣ" ಎಂದು ಗ್ರಂಥಪಾಲಕಿ ನೀಲಗಂಗಮ್ಮ ಅಂದದ್ದು ಬ್ರೌಸರಿನ ಕಿವಿಗೆ ಬಿತ್ತು. "ನನಗೇಕೆ ಇಷ್ಟು ತಡವಾಗುತ್ತದೆ, ನೋಡಿ ಹೇಳು" ಎಂದು ಅದು, ಅದೇ ಕಂಪ್ಯೂಟರಿನಲ್ಲಿದ್ದು ದಾರಿ ತೆರೆದಿದೆಯೇ ಎಂದು ಓಡಿ ನೋಡಿಬರುವ ಓಟಗಾರ ಪಿಂಗ್‌ನ ಕಾಲಿಗೆ ಬಿತ್ತು.

ಪಿಂಗ್ ಕಣ್ಣು ಮಿಟುಕಿಸುವಷ್ಟರಲ್ಲಿ ದೂರದೂರಿಗೆ ಹೋಗಿ ಬಂದು ಹೇಳಿತು: "ದಾರಿ ಸಲೀಸಾಗಿದೆ. ಹೊರಡುವ ಮುಂಚೆ ನೀನು ಎಲ್ಲಿ ನಿಲ್ಲುತ್ತೀಯೆ?"

"ಪುಟ ಎಲ್ಲಿದೆಯೆಂದು ವಿಳಾಸ ಕೇಳಲು, ಎಲ್ಲ ವಿಳಾಸ ಬಲ್ಲ ಸರ್ವರಜ್ಜನ ಬಾಗಿಲಲ್ಲಿ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ. ಐದು ಸೆಕೆಂಡು ಕಾಯುತ್ತೇನೆ, ಅವರು ಓಗೊಡುವುದಿಲ್ಲ. ಆಮೇಲೆ ಪಟ್ಟಿಯ ಎರಡನೇ ಹೆಸರಿನ ಸರ್ವರ್, ಪಕ್ಕದ ಮನೆಯಾಕೆಯನ್ನು ಕೇಳಿಕೊಂಡು ಓಡುತ್ತೇನೆ."

"ಅಯ್ಯೋ, ಅಜ್ಜ ಬಾಗಿಲು ಮುಚ್ಚಿ ಹೋಗಿ ಎರಡು ವರ್ಷವಾಯಿತಲ್ಲ!"

ಬ್ರೌಸರ್ ಪಟ್ಟಿಯನ್ನು ಎದೆಗವಚಿಕೊಂಡಿತು. "ನನಗೆ ಮೊದಲು ದಾರಿ ತೋರಿಸಿದವರು ಅವರು. ಆ ಉಪಕಾರ ಮರೆಯಲೇ?"

"ಮರೆಯಬೇಡ. ಆದರೆ ಈ ಎರಡು ವರ್ಷ ದಾರಿ ತೋರಿಸಿದ್ದು ಯಾರು? ಆಕೆಗೆ ಒಂದು ನಮಸ್ಕಾರವನ್ನಾದರೂ ಹೇಳಿದ್ದೀಯಾ?"

ಬ್ರೌಸರ್ ಪಟ್ಟಿ ಬಿಚ್ಚಿತು. ಅಜ್ಜನ ಹೆಸರಿಗೆ ಕೈಮುಗಿದು, ಅದನ್ನು ಪಟ್ಟಿಯಿಂದ ಅಳಿಸಿತು.

ಮರುದಿನ ಗುಜರಿಯವನು ಹೊಸ್ತಿಲಲ್ಲಿ ನಿಂತಿರುವಾಗ ನೀಲಗಂಗಮ್ಮ ಕೊನೆಯದಾಗಿ ಒಂದು ಪುಟ ಕೇಳಿದರು. ಬೆರಳೆತ್ತುವಷ್ಟರಲ್ಲಿ ಅದು ಎದುರಿಗಿತ್ತು. "ನನ್ನಪ್ಪಾ, ನಿನ್ನನ್ನು ಸುಮ್ಮನೆ ಬೈದೆನಲ್ಲ!" ಎಂದು ಅವರು ಪರದೆಯನ್ನು ಸೆರಗಿನಿಂದ ಒರೆಸಿ, ಗುಜರಿಯವನನ್ನು ಕಳಿಸಿಬಿಟ್ಟರು.

ಬ್ರೌಸರ್ ಪಕ್ಕದ ಮನೆಗೆ ಓಡಿತು. "ತಾಯಿ, ನಾನು ಉಳಿದದ್ದು ನಿಮ್ಮಿಂದ. ಇಷ್ಟು ದಿನ ಒಂದು ಮಾತೂ ಹೇಳಲಿಲ್ಲ. ಈಗ ಏನು ಹೇಳಲಿ?"

"ಏನೂ ಬೇಡಪ್ಪ" ಎಂದಳು ಆಕೆ. "ಇವತ್ತು ಮೊದಲು ನನ್ನ ಬಾಗಿಲಿಗೇ ಬಂದೆಯಲ್ಲ."