ಒಡೆಯಲೆಂದೇ ಬರೆದ ತಟ್ಟೆಗಳು

"ಗುರುಗಳೇ, ಹಾಡು ನನ್ನನ್ನು ಬಿಟ್ಟುಹೋಗುತ್ತಿದೆ. ಏನು ಮಾಡಲಿ?" ಎಂದು ಪಂಪಯ್ಯ ಕೇಳಿದ.

ಪಂಪಯ್ಯ ಮಠದಲ್ಲೇ ಬೆಳೆದ ಗಾಯಕ. ಹೆಸರಿಲ್ಲದಾಗ ದನ ಕಟ್ಟುವಲ್ಲಿಯೂ ಕಂಠ ಬಿಚ್ಚಿ ಹಾಡುತ್ತಿದ್ದ. ಈಗ ಊರೂರಿನಿಂದ ಕರೆ ಬರುತ್ತಿತ್ತು. ಹಾಡಿದ್ದನ್ನೆಲ್ಲ ಜನ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದರು. ಒಂದು ಸ್ವರ ಜಾರಿದರೂ ಅದು ಹಾಗೇ ಉಳಿದುಬಿಡುತ್ತದಲ್ಲ ಎಂಬ ಅಂಜಿಕೆ ಹೊಕ್ಕಿತ್ತು. ವೇದಿಕೆ ಹತ್ತಿದರೆ ಗಂಟಲು ಕಟ್ಟುತ್ತಿತ್ತು.

ಗುರುಗಳಾದ ಅಡವಯ್ಯನವರು ನಕ್ಕರು. "ಕೂತುಕೊಳ್ಳಯ್ಯಾ. ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡಬೇಡ. ಜರ್ಮನಿಯ ಒಬ್ಬ ಚಿತ್ರಕಾರನ ಕತೆ ಹೇಳುತ್ತೇನೆ. ಆ ದೇಶವನ್ನು ನಾನು ಕಂಡವನಲ್ಲ. ಹಿಂದೆ ಮಠಕ್ಕೆ ಬಂದಿದ್ದ ಅಲ್ಲಿಯವರೊಬ್ಬರು ಹೇಳಿದ್ದು. ನನ್ನದೂ ಒಂಚೂರು ಒಗ್ಗರಣೆ ಬಿದ್ದಿರಬಹುದು, ಅದನ್ನೆಲ್ಲ ಕೆದಕಬೇಡ" ಎಂದು ಕತೆ ಶುರುಮಾಡಿದರು.

ಒಂದೂರಿನಲ್ಲಿ ಪಿಂಗಾಣಿ ತಟ್ಟೆ ಮಾಡುವ ಕಾರ್ಖಾನೆ ಇತ್ತು. ಚಿತ್ರಕಾರ ಅಲ್ಲಿಯ ಕೂಲಿಯವನ ಮಗ. ಮೊದಲು ಅವನೂ ತಟ್ಟೆಯ ಅಂಚಿಗೆ ನೀಲಿ ಗೆರೆ ಎಳೆಯುವ ಕೆಲಸ ಮಾಡಿದ. ಆಮೇಲೆ ನಗರಕ್ಕೆ ಹೋಗಿ ಚಿತ್ರಶಾಲೆ ಸೇರಿದ. ದೊಡ್ಡ ಯುದ್ಧ ಆಗಷ್ಟೇ ಮುಗಿದ ಕಾಲ. ಒಲೆ ಉರಿಸಲು ಕಟ್ಟಿಗೆಯಿಲ್ಲ, ಕೋಟು ತೊಟ್ಟುಕೊಂಡೇ ಬರೆದ. ಕ್ಯಾನ್ವಾಸಿಗೆ ಗತಿಯಿಲ್ಲ, ಹಿಟ್ಟಿನ ಚೀಲ ಬಿಚ್ಚಿ ಅದರ ಮೇಲೆ ಬರೆದ. ಒಂದನ್ನೂ ಯಾರೂ ಕೊಳ್ಳಲಿಲ್ಲ. ಆದರೂ ಮಹಾರಾಯ ಬರೆಯುತ್ತಾ ಸಿಳ್ಳೆ ಹಾಕುತ್ತಿದ್ದ.

ನಡುವಯಸ್ಸಿಗೆ ಅವನ ಅದೃಷ್ಟ ತೆರೆಯಿತು. ಒಂದು ಮ್ಯೂಸಿಯಂ ಅವನ ಚಿತ್ರ ಕೊಂಡಿತು, ಅದರ ಹಿಂದೆಯೇ ಎಲ್ಲರೂ ಕೊಂಡರು. ಚಿತ್ರಗಳ ಮುಂದೆ ಹಗ್ಗ ಕಟ್ಟಿದರು, ಕಾವಲುಗಾರನನ್ನು ನಿಲ್ಲಿಸಿದರು. ಅವನು ಕುಂಚ ಒರೆಸಿ ಎಸೆದ ಬಟ್ಟೆಗೂ ಒಬ್ಬ ಪುಣ್ಯಾತ್ಮ ಚೌಕಟ್ಟು ಹಾಕಿಸಿದ. ಏನು ಕರ್ಮವಪ್ಪಾ! ಅಲ್ಲಿಗೆ ಸಿಳ್ಳೆ ನಿಂತಿತು.

ಕುಂಚ ಎತ್ತಿದರೆ ಕೈ ನಡುಗುತ್ತಿತ್ತು. ಗೆರೆ ಎಳೆಯುವ ಮೊದಲೇ, ಮುಂದಿನ ತಲೆಮಾರು ಏನನ್ನುತ್ತದೋ ಎಂಬ ಯೋಚನೆ ಬರುತ್ತಿತ್ತು. ವೈದ್ಯರು ನೋಡಿದರು, ಕೈಗೇನೂ ಆಗಿಲ್ಲ ಎಂದರು. ವರ್ಷಗಳು ಹೋದವು. ಬಿಳಿಯ ಕ್ಯಾನ್ವಾಸು ಮೂಲೆಯಲ್ಲಿ ಬಿಳಿಯಾಗಿಯೇ ನಿಂತಿತು, ಹೆಂಡತಿ ಅದರ ಮೇಲೆ ಒದ್ದೆ ಟವೆಲ್ ಒಣಹಾಕತೊಡಗಿದಳು. ತನ್ನ ಚಿತ್ರಕಲೆ ಸತ್ತುಹೋಯಿತು ಎಂದು ಅವನು ಒಳಗೊಳಗೇ ಅಳುತ್ತಿದ್ದ.

ಹೀಗಿರುವಾಗ ಮಗಳ ಮದುವೆ ಗೊತ್ತಾಯಿತು. ಅವರಲ್ಲಿ ಒಂದು ಪದ್ಧತಿಯಿದೆ, ನಗಬೇಡ. ಮದುವೆಯ ಹಿಂದಿನ ದಿನ ನೆಂಟರು, ನೆರೆಯವರು ಹಳೆಯ ಪಿಂಗಾಣಿ ತಟ್ಟೆಗಳನ್ನು ತಂದು ಮದುವಣಗಿತ್ತಿಯ ಬಾಗಿಲಲ್ಲಿ ಒಡೆಯುತ್ತಾರೆ. ಸದ್ದಿಗೆ ಕೆಟ್ಟದ್ದು ಓಡಿಹೋಗಬೇಕು. ಆಮೇಲೆ ಗಂಡುಹೆಣ್ಣು ಒಟ್ಟಿಗೆ ನಿಂತು ಚೂರು ಗುಡಿಸಬೇಕು, ಸಂಸಾರದ ಮೊದಲ ಕೆಲಸ ಅದೇ. ಆದರೆ ಹಿಂದಿನ ವಾರವಷ್ಟೇ ಬೇಕರಿಯವನ ಮಗನ ಮದುವೆಯಲ್ಲಿ ಬೀದಿಯ ಹಳೆಯ ತಟ್ಟೆಗಳೆಲ್ಲ ಒಡೆದು ಮುಗಿದಿದ್ದವು. ಚಿತ್ರಕಾರ ತಾನು ಬೆಳೆದ ಕಾರ್ಖಾನೆಗೆ ಹೋಗಿ, ಸೊಟ್ಟಗಾಗಿ ಮೂಲೆಗೆ ಬಿದ್ದಿದ್ದ ಬಿಳಿಯ ತಟ್ಟೆಗಳನ್ನು ಗಾಡಿ ತುಂಬ ತಂದ.

ಮಗಳು ನೋಡಿದಳು. "ಇದೇನಪ್ಪಾ, ಆಸ್ಪತ್ರೆಯ ತಟ್ಟೆಯ ಹಾಗೆ! ಒಂದಿಷ್ಟು ಬಣ್ಣ ಬಳಿ. ಹೇಗಿದ್ದರೂ ಒಡೆಯುವುದೇ ತಾನೆ" ಎಂದಳು.

ಒಡೆಯುವುದೇ ತಾನೆ! ಅವನು ಒಂದು ತಟ್ಟೆಗೆ ಹುಂಜ ಬರೆದ. ಇನ್ನೊಂದಕ್ಕೆ ಬೀಗಿತ್ತಿಯ ಮೂಗು ಬರೆದ. ಟೋಪಿ ತೊಟ್ಟ ಹಸು, ಸೈಕಲ್ಲಿನಿಂದ ಬೀಳುತ್ತಿರುವ ಅಂಚೆಯವ, ಬೀದಿಯಲ್ಲಿ ಮಲಗಿದ ಸೂರ್ಯ. ಕೈ ನಡುಗಲಿಲ್ಲ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಸಿಳ್ಳೆ ಕೇಳಿಸಿತು, ಅವಳು ಸೌಟು ಹಿಡಿದುಕೊಂಡೇ ಓಡಿಬಂದಳು.

ಮರುದಿನ ಜನ ಸೇರಿದರು. ಒಬ್ಬೊಬ್ಬರ ಕೈಗೂ ಒಂದೊಂದು ತಟ್ಟೆ ಬಂತು. ಇನ್ನೇನು ಎತ್ತಿ ಹಾಕಬೇಕು, ಅಷ್ಟರಲ್ಲಿ ಅವನ ಚಿತ್ರಗಳನ್ನು ಮಾರುವ ವ್ಯಾಪಾರಿ ಉಡುಗೊರೆ ಹಿಡಿದು ಬಂದ. ತಟ್ಟೆ ನೋಡಿದವನೇ, "ನಿಲ್ಲಿ! ಇದು ಇವರ ಜೀವಮಾನದ ಶ್ರೇಷ್ಠ ಕೆಲಸ! ಒಡೆದರೆ ಪಾಪ ಸುತ್ತಿಕೊಳ್ಳುತ್ತದೆ!" ಎಂದು ಕೂಗಿಕೊಂಡ.

ಎತ್ತಿದ ಕೈಗಳು ಇಳಿದವು. ಇಷ್ಟು ಹೊತ್ತು ತಟ್ಟೆಯಲ್ಲಿನ ಮೂಗು ನೋಡಿ ನಗುತ್ತಿದ್ದವರು ಅದನ್ನು ಹಸುಗೂಸಿನ ಹಾಗೆ ಎದೆಗೊತ್ತಿಕೊಂಡರು. ಒಬ್ಬ ಮೆಲ್ಲಗೆ ಕೋಟಿನೊಳಗೆ ಸೇರಿಸಿಕೊಂಡ. ಬಾಗಿಲಲ್ಲಿ ಸದ್ದಿಲ್ಲ. ಪೊರಕೆ ಹಿಡಿದು ನಿಂತಿದ್ದ ಮಗಳ ಕಣ್ಣು ತುಂಬಿತು. "ಅಪ್ಪಾ, ನನ್ನ ಮದುವೆಗೆ ಸದ್ದೇ ಇಲ್ಲವೇ?" ಎಂದಳು.

ಚಿತ್ರಕಾರನ ಕೈಯಲ್ಲಿದ್ದದ್ದು ಎಲ್ಲಕ್ಕಿಂತ ಚೆಂದದ ತಟ್ಟೆ. ಅದರಲ್ಲಿ ಮಗಳು ಪುಟ್ಟವಳಾಗಿ ಅವನ ಹೆಗಲ ಮೇಲೆ ಕೂತಿದ್ದಳು. ಇದನ್ನು ಉಳಿಸಿಕೊಳ್ಳಲೇ ಎಂದುಕೊಂಡ. ಹಾಗೆಂದುಕೊಂಡ ಕೂಡಲೇ ಬೆರಳ ತುದಿಯಲ್ಲಿ ಹಳೆಯ ನಡುಕ ಶುರುವಾಯಿತು. ಅವನಿಗೆ ಗೊತ್ತಾಗಿಹೋಯಿತು. ತಟ್ಟೆಯನ್ನು ತಲೆಯ ಮೇಲೆತ್ತಿ, ಇದ್ದಬದ್ದ ಬಲವೆಲ್ಲ ಹಾಕಿ ಮಗಳ ಕಾಲ ಮುಂದಿನ ಕಲ್ಲಿಗೆ ಅಪ್ಪಳಿಸಿದ.

ಆಹಾ, ಆಮೇಲೆ ನೋಡಬೇಕಿತ್ತು! ಹುಂಜ ಹೋಯಿತು, ಹಸು ಹೋಯಿತು, ಬೀಗಿತ್ತಿ ತನ್ನ ಮೂಗನ್ನು ತಾನೇ ಒಡೆದಳು. ಕೊನೆಗೆ ವ್ಯಾಪಾರಿಯ ಕೈಗೂ ಒಂದು ಕೊಟ್ಟರು. ಪಾಪ, ಕಣ್ಣುಮುಚ್ಚಿ ಎಸೆದ. ಚಟೀರೆಂದಿತು. ಕಣ್ಣು ಬಿಟ್ಟು, "ಇನ್ನೊಂದು ಕೊಡಿ" ಎಂದ. ಗಂಡುಹೆಣ್ಣು ನಕ್ಕು ನಕ್ಕು ಗುಡಿಸಲಾರದೆ ಕೂತುಬಿಟ್ಟರು. ಮದುವೆ ಊಟ ಮುಗಿದ ಮೇಲೆ ಚಿತ್ರಕಾರ ಕೋಣೆಗೆ ಹೋದ, ಬಣ್ಣ ಕಲಸಿದ. ಹಣ್ಣು ಹಣ್ಣು ಮುದುಕನಾಗುವವರೆಗೂ ಬರೆದ.

ಗುರುಗಳು ಕತೆ ನಿಲ್ಲಿಸಿದರು. ಪಂಪಯ್ಯನ ಮುಖ ಅರಳಿತ್ತು, ಆದರೂ ಮನಸ್ಸು ತಡೆಯಲಿಲ್ಲ.

"ಅಯ್ಯೋ, ಅಷ್ಟು ಒಳ್ಳೆಯ ಚಿತ್ರಗಳು! ಒಂದಾದರೂ ಉಳಿಯಲಿಲ್ಲವೇ, ಗುರುಗಳೇ?"

"ಚಿತ್ರಕಾರ ಉಳಿದನಲ್ಲಯ್ಯಾ."