ರಾಜಕುಮಾರಿಯ ಕೆಂಪು ಕಾರಿಗೆ ಮೂರು ಒಗಟು

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ನಾಗಲದೇವಿಯ ಮೂರು ಒಗಟು ಬಿಡಿಸಿದವರಿಗೆ ಅರಮನೆಯ ಕಾರುಗಳ ಮೇಲ್ವಿಚಾರಣೆ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವರಿಗೆ ಸಂಜೆ ತಲೆದಂಡ!" ಎಂದು ಹಿರೇಕಣಿವೆಯ ಬೀದಿಬೀದಿಯಲ್ಲಿ ಡಂಗುರ ಸಾರಿದರು.

ರಾಜಕುಮಾರಿಗೆ ಒಂದು ಪುಟ್ಟ ಕೆಂಪು ಕಾರಿತ್ತು. ನೋಡಲು ಅಂಗೈಯಗಲ, ಓಡಿದರೆ ಬಿರುಗಾಳಿ. ಘಟ್ಟದ ನಡುವೆ ಎರಡು ಸಲ ಅದರ ಎಂಜಿನ್ ಸತ್ತಿತ್ತು. ಎರಡನೆಯ ಸಲ ದೊರೆ ಕಾರು ನೋಡಿಕೊಳ್ಳುತ್ತಿದ್ದ ಕಾಳಿಂಗನನ್ನು ಸೆರೆಗೆ ತಳ್ಳಿದ. ಕೆಟ್ಟ ಎಂಜಿನ್ ಬಿಚ್ಚಿ ಮತ್ತೆ ಕೂಡಿಸಿದ ಪರದೇಶದ ಮಿಸ್ತ್ರಿ ಹೇಳಿದ್ದನ್ನೇ ರಾಜಕುಮಾರಿ ಒಗಟು ಮಾಡಿಕೊಂಡಿದ್ದಳು.

ಕಾಳಿಂಗನ ತಮ್ಮ ಬೊಮ್ಮ ಅರಮನೆಯ ದೇವರಮನೆ ಗುಡಿಸುವವನು. ಅಣ್ಣನನ್ನು ಬಿಡಿಸಲು ಪಣಕ್ಕಿಡಲು ಅವನಲ್ಲಿದ್ದದ್ದು ತಲೆಯೊಂದೇ. ಅದನ್ನೇ ಹೊತ್ತು ಬಂದು ಸಾಲಿನ ಕೊನೆಗೆ ನಿಂತ.

ಕೊತ್ತಲದ ಯುವರಾಜ ಮೊದಲು ಬಂದ. "ಜೇನಿನ ಬಣ್ಣದಲ್ಲಿ ಒಳಗೆ ಹೋಗಿ ಕಪ್ಪಾಗಿ ಹೊರಗೆ ಬರುತ್ತದೆ. ಓಡಿದರೂ ಮುದಿಯಾಗುತ್ತದೆ, ನಿಂತರೂ ಮುದಿಯಾಗುತ್ತದೆ. ಏನದು?" ಎಂದಳು ನಾಗಲದೇವಿ.

"ಪೆಟ್ರೋಲು! ಹೊಗೆಯಾಗಿ ಬರುತ್ತದಲ್ಲ!" ಎಂದು ಮೀಸೆ ತಿರುವಿದ. ಭಟರು ಅವನನ್ನು ಪಕ್ಕಕ್ಕೆ ನಿಲ್ಲಿಸಿದರು. ಮೀಸೆ ತಾನಾಗಿಯೇ ಇಳಿಯಿತು.

ಸಾಹುಕಾರನ ಮಗ, "ಎಂಜಿನ್ ಎಣ್ಣೆ. ಹತ್ತು ಸಾವಿರ ಕಿಲೋಮೀಟರೋ ಒಂದು ವರ್ಷವೋ, ಯಾವುದು ಮೊದಲು ಬರುತ್ತದೋ ಆಗ ಬದಲಿಸಬೇಕು" ಎಂದು ಮೊದಲನೆಯದನ್ನು ಗೆದ್ದ. ರಾಜಕುಮಾರಿ ಎರಡನೆಯದನ್ನು ಕೇಳಿದಳು:

"ಒಂದೇ ದಿನ ಕೊಂಡ, ಒಂದೇ ಬಗೆಯ ಎರಡು ಕಾರು. ಎರಡೂ ಓಡಿದ್ದು ಐದು ಸಾವಿರ. ಒಂದರ ಎಣ್ಣೆ ಚೆನ್ನಾಗಿದೆ, ಇನ್ನೊಂದರದು ಕೆಟ್ಟಿದೆ. ಯಾಕೆ?"

"ಎರಡನೆಯವನು ಕಳಪೆ ಎಣ್ಣೆ ಹಾಕಿದ್ದಾನೆ!"

ಅವನೂ ಯುವರಾಜನ ಪಕ್ಕ ಹೋಗಿ ನಿಂತ. ಬೊಮ್ಮನ ಸರದಿ ಬಂತು. ಮೊದಲ ಒಗಟು ಆಗಲೇ ಬಯಲಾಗಿದ್ದರಿಂದ ರಾಜಕುಮಾರಿ ಎರಡನೆಯದನ್ನೇ ಅವನ ಮುಂದಿಟ್ಟಳು.

"ಎಣ್ಣೆಯ ತಪ್ಪಲ್ಲ ತಾಯಿ" ಎಂದ ಬೊಮ್ಮ. "ಒಂದು ಕಾರು ಬಯಲಲ್ಲಿ ಹದವಾಗಿ ಹೋಗಿದೆ. ಇನ್ನೊಂದು ಎಂಜಿನ್ ಬೆಚ್ಚಗಾಗುವ ಮೊದಲೇ, ನಿಮ್ಮಂಥವರ ಕಾಲಡಿ ಘಟ್ಟ ಹತ್ತಿದೆ. ಹಾಗೆ ಓಡಿಸುವವರಿಗೆ ಸರ್ವೀಸಿನ ಗಡುವು ಅರ್ಧಕ್ಕರ್ಧ."

ರಾಜಕುಮಾರಿಯ ಕಿವಿ ಕೆಂಪಾದವು. "ಸರಿಯಾಗಿದೆ" ಎಂದು ಗೊಣಗಿ ಮೂರನೆಯದನ್ನು ಕೇಳಿದಳು: "ಮುಚ್ಚಳದ ಹಿಂದೆ ಕೂತಿರುತ್ತದೆ. ಸದ್ದಿಲ್ಲ, ದೂರಿಲ್ಲ. ಗಟ್ಟಿಯಾಗಿರುವಾಗಲೇ ಕಿತ್ತೆಸೆಯುವವನೇ ಜಾಣ. ಏನದು?"

"ಟೈಮಿಂಗ್ ಬೆಲ್ಟ್. ಎಂಜಿನ್ನಿನ ಒಳಭಾಗಗಳನ್ನು ಒಂದಕ್ಕೊಂದು ಬಡಿಯದಂತೆ ತಿರುಗಿಸುವ ರಬ್ಬರ್ ಪಟ್ಟಿ. ಹರಿದರೆ ಎಂಜಿನ್ ಪುಡಿಪುಡಿ. ಹರಿಯುವ ದಿನ ಯಾರಿಗೂ ಗೊತ್ತಿಲ್ಲ. ಬದಲಿಸುವ ಗಡುವು ಮಾತ್ರ ಬರೆದಿದೆ."

"ಎಲ್ಲಿ ಬರೆದಿದೆಯೋ?" ದೊರೆ ಗುಡುಗಿದ.

"ಕಾರಿನ ಜೊತೆ ಬಂದ ಪುಸ್ತಕದಲ್ಲಿ, ಬುದ್ಧಿ. ಮೊದಲ ಆಯುಧಪೂಜೆಗೆ ನೀವೇ ಅರಿಶಿನ ಕುಂಕುಮ ಹಚ್ಚಿ ದೇವರಮನೆಯಲ್ಲಿಟ್ಟಿರಿ. ವರ್ಷವರ್ಷ ಮಂಗಳಾರತಿ ಆಯಿತು, ಬಿಡಿಸಿ ಓದಿದವರಿಲ್ಲ. ಅಣ್ಣ ಕೇಳಿದಾಗ ಮೈಲಿಗೆ ಅಂದಿರಿ. ನಾನು ಧೂಳು ಒರೆಸುತ್ತಾ ಕದ್ದು ಓದಿದೆ."

"ಅಂದರೆ ಸೆರೆಗೆ ಹೋಗಬೇಕಾದವನು ನಾನು ಅನ್ನು!"

"ಅಷ್ಟು ಅನ್ನಲಿಲ್ಲ ಬುದ್ಧಿ. ಅಣ್ಣನನ್ನು ಬಿಡಿ, ಅದೇ ನಾನು ಬೇಡುವ ವರ."

ಮೊದಲು ನಕ್ಕವಳು ನಾಗಲದೇವಿ. ಆಮೇಲೆ ದೊರೆಗೂ ನಗದೆ ವಿಧಿಯಿರಲಿಲ್ಲ. "ಇವರಿಬ್ಬರ ತಲೆ?" ಎಂದ, ಸೋತು ನಿಂತವರನ್ನು ತೋರಿಸಿ.

"ತೆಗೆದು ಏನು ಮಾಡುತ್ತೀರಿ? ಕಾರು ತೊಳೆಯಲಿ" ಎಂದ ಬೊಮ್ಮ.

ಸಂಜೆಗೆ ಕಾಳಿಂಗ ಹೊರಗೆ ಬಂದ. ಬೊಮ್ಮ ಅಣ್ಣನ ಕೈಗೆ ಪುಸ್ತಕ ಕೊಟ್ಟು ಬಾನೆಟ್ ಎತ್ತಿದ.

"ಘಟ್ಟಕ್ಕೆ ಯಾವತ್ತು ಹೊರಡಲಿ?" ರಾಜಕುಮಾರಿ ಕೀಲಿ ತಿರುಗಿಸುತ್ತಾ ಕೇಳಿದಳು.

"ಬೆಲ್ಟ್ ಬದಲಿಸಿದ ಮಾರನೆಯ ದಿನ, ತಾಯಿ" ಎಂದ ಕಾಳಿಂಗ ಪುಟದಿಂದ ತಲೆಯೆತ್ತದೆ. "ಎಂಜಿನ್ ಬೆಚ್ಚಗಾದ ಮೇಲೆ."