ಜಪಸರ ಮುಗಿಯುವ ತನಕ

ಕೇಳಿ ಮಕ್ಕಳೇ. ಬಹಳ ಹಿಂದೆ, ಯಾವ ಕಾಲವೋ ನಮ್ಮಜ್ಜಿಯ ಅಜ್ಜಿಗೂ ಗೊತ್ತಿರಲಿಲ್ಲ, ಬಿಳಿಕಲ್ಲುಪಾಳ್ಯ ಅಂತ ಒಂದು ಊರಿತ್ತು. ಊರಿಗೊಂದು ಚರ್ಚು, ಚರ್ಚಿಗೊಂದು ಬಾವಿ. ಅದು ಸಂತ ಅಂತೋಣಿಯವರ ಬಾವಿ. ಅದರ ನೀರು ಕುಡಿದರೆ ಜ್ವರ ಇಳಿಯುತ್ತದೆ ಅಂತ ಜನ ನಂಬಿದ್ದರು. ಆ ಊರಲ್ಲಿ ಮದಲಮ್ಮ ಅಂತ ಒಬ್ಬಳು ವಿಧವೆ. ಅವಳು ದನಿ ಎತ್ತಿದರೆ ಹೊಳೆಯಾಚೆಯ ಎತ್ತೂ ನಿಂತುಬಿಡುತ್ತಿತ್ತಂತೆ.

ಒಂದು ಬೇಸಿಗೆ ವಾಂತಿಭೇದಿ ಬಂತು. ಬೆಳಗ್ಗೆ ಗುಂಡಿ ತೋಡಿದವನಿಗೇ ಸಂಜೆ ಗುಂಡಿ ತೋಡಿದರಂತೆ. ಮದಲಮ್ಮನ ಮಗ ಹೋದ, ಸೊಸೆ ಹೋದಳು. ಉಳಿದದ್ದು ಮೊಮ್ಮಗ ಚೌರಿ ಒಬ್ಬನೇ. ನಾಯಿ ಬೊಗಳಿದರೂ ಊರಿನ ಎದೆ ಧಸಕ್ಕೆನ್ನುತ್ತಿತ್ತು.

ಮದಲಮ್ಮ ಹರೆಯದಲ್ಲಿ ಕನ್ಯಾಸ್ತ್ರೀಯರ ಆಸ್ಪತ್ರೆಯಲ್ಲಿ ಪಾತ್ರೆ ತೊಳೆದವಳು. ಅಲ್ಲಿ ಕಂಡದ್ದನ್ನು ಮರೆತಿರಲಿಲ್ಲ. ಮನೆಮನೆಗೂ ಹೋಗಿ, ಕಾಯಿಸದ ನೀರು ಮುಟ್ಟಬೇಡಿ ಅಂದಳು. ಎಷ್ಟು ಹೊತ್ತು ಕಾಯಿಸಬೇಕು ಅಂತ ಕೇಳಿದರು. ಗಡಿಯಾರ ಯಾರ ಮನೆಯಲ್ಲಿತ್ತು? ಮಡಕೆ ಒಲೆಗಿಟ್ಟು ಜಪಸರ ಹಿಡಿದು ಮಣಿಗೊಂದು ಪ್ರಾರ್ಥನೆ ಹೇಳಿ, ಜಪ ಮುಗಿಯುವ ತನಕ ಇಳಿಸಬೇಡಿ ಅಂದಳು.

ಹಿರಿಯ ಇನ್ನಾಸಪ್ಪನಿಗೆ ಸಿಟ್ಟು ಬಂತು. "ಸಂತರ ನೀರನ್ನೇ ಕಾಯಿಸ್ತೀಯಾ? ನಂಬಿಕೆ ಎಲ್ಲಿಗೆ ಹೋಯ್ತೇ ನಿಂಗೆ?"

"ದೇವ್ರು ಕೊಟ್ಟ ಅಕ್ಕಿನ ಹಸೀದೇ ತಿಂತೀಯಾ, ಮಾವ?" ಅಂದಳಂತೆ.

ಜನ ನೀರು ಕಾಯಿಸಿದರು. ಆದರೆ ಭಯಕ್ಕೆ ನಾಲಿಗೆ ಓಡುತ್ತಿತ್ತು. ಮಣಿ ಮೇಲೆ ಮಣಿ ಜಾರಿ, ನೀರು ಕುದಿಯುವ ಮೊದಲೇ ಜಪ ಮುಗಿಯುತ್ತಿತ್ತು. ಸಾವು ನಿಲ್ಲಲಿಲ್ಲ. ಮದಲಮ್ಮ ಬಾಗಿಲು ಬಾಗಿಲಿಗೂ ಕಿವಿಗೊಟ್ಟು ನಡೆದಳು. "ಯಾರೇ ಅಟ್ಟಿಸ್ಕೊಂಡು ಬರ್ತಿರೋದು? ಮರಿಯಾ ಮಾತೆ ಎಲ್ಲೂ ಓಡಿಹೋಗಲ್ಲ. ಮೊದ್ಲಿಂದ ಹೇಳು!"

ಒಂದು ಮಧ್ಯಾಹ್ನ ಚೌರಿ ಬಿಸಿಲಿಂದ ಬಂದ, ಬಾಯಾರಿ ಬಂದ. ಕಾಯಿಸಿದ ನೀರನ್ನೆಲ್ಲ ಅಜ್ಜಿ ಪಕ್ಕದ ಮನೆಯ ರೋಗಿಗೆ ಕೊಟ್ಟಿದ್ದಳು. ಹುಡುಗ ಮೂಲೆಯ ಹಸಿನೀರಿನ ಬಿಂದಿಗೆಗೆ ಕೈ ಹಾಕಿದ. ಅವಳು ಕಾಲಿನಿಂದಲೇ ಅದನ್ನು ಉರುಳಿಸಿ, ಒಲೆಗೆ ಬೇರೆ ನೀರಿನ ಮಡಕೆ ಇಟ್ಟು, ಜಪಸರ ಹಿಡಿದಳು.

ಹುಡುಗ ನೆಲಕ್ಕೆ ಬಿದ್ದು ಹೊರಳಿ ಅತ್ತ. ಅಳು ಕೇಳಿ ಕೇರಿಯೇ ಬಾಗಿಲಿಗೆ ಬಂತು. ಇನ್ನಾಸಪ್ಪನೂ ಬಂದ. ಈಗ ಇವಳೂ ಅವಸರ ಮಾಡುತ್ತಾಳೆ ಅಂತ ಎಲ್ಲರೂ ಕಿವಿಗೊಟ್ಟು ನಿಂತರು. "ಅಜ್ಜೀ, ಒಂದೇ ಗುಟುಕು!" ಅಂದ ಹುಡುಗ. ಮದಲಮ್ಮನ ದನಿ ನಡುಗಿತಂತೆ. 'ನಮೋ ಮರಿಯಾ' ಅಂದವಳು ಅಲ್ಲೇ ನಿಂತಳಂತೆ. ಆಮೇಲೆ ಅದೇ ಮಣಿಯನ್ನು ಮತ್ತೆ ಹಿಡಿದು, ಮೊದಲಿಗಿಂತ ನಿಧಾನವಾಗಿ ಹೇಳಿದಳಂತೆ.

ಹುಡುಗ ಅತ್ತೂ ಅತ್ತೂ ಸಾಕಾಗಿ ಅವಳ ಮಡಿಲಿಗೆ ತಲೆಯಿಟ್ಟ. ಅವಳ ಜೊತೆ ತಾನೂ ತುಟಿಯಾಡಿಸಿದ. ಹೊರಗಿದ್ದವರೂ ದನಿಗೂಡಿಸಿದರು. ಜಪ ಮುಗಿಯಿತು, ನೀರು ಆರಿತು, ಹುಡುಗ ಕುಡಿದ. ಅವನಿಗೆ ಏನೂ ಆಗಲಿಲ್ಲ. ಅವತ್ತು ಒಲೆಯಲ್ಲಿ ಸೌದೆ ಮುಗಿದರೂ ಉರಿ ಆರಲಿಲ್ಲ ಅಂತಾರೆ. ನಾನು ಕಂಡಿಲ್ಲ.

ಸಂಜೆ ಮನೆಮನೆಯಿಂದಲೂ ಜಪ ನಿಧಾನವಾಗಿ ಕೇಳಿಬಂತು. ಇನ್ನಾಸಪ್ಪನ ಮನೆಯದೇ ಎಲ್ಲಕ್ಕಿಂತ ನಿಧಾನವಂತೆ. ಬರಬರುತ್ತಾ ಗುಂಡಿ ತೋಡುವುದು ನಿಂತಿತು.

ಈಗಲೂ ಎಲ್ಲಾದರೂ ರೋಗದ ಸುದ್ದಿ ಬಂದರೆ, ಆ ಊರಿನವರು ಮೊದಲು ಒಲೆಗೆ ನೀರಿಟ್ಟು ಸುತ್ತ ಕೂರುತ್ತಾರೆ. ಹೆದರಿದವರು ಯಾರಾದರೂ ಅವಸರವಾಗಿ ಜಪ ಹೇಳಿದರೆ ಬೈಯುವುದಿಲ್ಲ. ಮುಚ್ಚಳ ತೆಗೆದು, ಇನ್ನೂ ಕುದಿಯದ ನೀರು ತೋರಿಸುತ್ತಾರೆ. ಅದೇ ಮಣಿಯನ್ನು ಮತ್ತೊಮ್ಮೆ ಹೇಳಿಸುತ್ತಾರೆ.